ಕಾಫಿ ಹೂವು ಬೂದಿ ಬಣ್ಣಕ್ಕೆ ತಿರುಗಿದ್ದೇಕೆ?

ಈ ಸಲವೂ ಎಚ್‌ಡಿಆರ್ (ತೀರಾ ಬೆಳಕು, ತೀರಾ ನೆರಳು ಎರಡನ್ನೂ ಹಿಡಿದಿಡುವ) ಫೋಟೋವನ್ನು ಜೆಪಿಇಜಿ, ಅಂದರೆ ಎಲ್ಲ ಕಡೆ ತೆರೆಯುವ ಮಾಮೂಲಿ ಫೋಟೋ ಫೈಲ್, ಮಾಡುವ ಪ್ರಶ್ನೆಗಳೇ ಜಾಸ್ತಿ. ಒಂದಕ್ಕೆ ಸರಿಯಾಗಿ ಉತ್ತರ ಕೊಡುತ್ತೇನೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಕೊಡಗಿನ ಕಕ್ಕಬ್ಬೆಯಲ್ಲಿ ನಮ್ಮದೊಂದು ಹೋಂಸ್ಟೇ ಇದೆ. ಹೂಮಳೆ ಬಿದ್ದು ತೋಟ ಅರಳಿದಾಗ ಕ್ಯಾನನ್ ಕ್ಯಾಮೆರಾದಲ್ಲಿ ಎಚ್‌ಡಿಆರ್ ಪಿಕ್ಯೂ ಸೆಟ್ಟಿಂಗ್ ಇಟ್ಟು ಫೋಟೋ ತೆಗೆದೆ. ಕ್ಯಾಮೆರಾದಲ್ಲಿ ಚೆನ್ನಾಗಿದೆ. ಫ್ರೀ ಕನ್ವರ್ಟರ್ ವೆಬ್‌ಸೈಟಿನಲ್ಲಿ ಜೆಪಿಇಜಿ ಮಾಡಿದರೆ ಹೂವೆಲ್ಲ ಬೂದಿ ಬಣ್ಣ, ಹಸಿರು ಮಾಸಲು. ಸೆನ್ಸರ್ ಕ್ಲೀನ್ ಮಾಡಿಸಿ ಎಂದು ಸ್ಟುಡಿಯೋದವರು ಹೇಳಿದರು.

ಸುಮ್ನೆ ದುಡ್ಡು ಕಳೆಯಬೇಡಿ. ಸೆನ್ಸರ್ ಮೇಲೆ ಧೂಳಿದ್ದರೆ ಆಕಾಶದಲ್ಲಿ ಚುಕ್ಕೆ ಕಾಣುತ್ತದೆ, ಹೂವಿನ ಬಿಳಿ ಹೋಗುವುದಿಲ್ಲ. ಹೀಗೆ ಬಾಯಿಗೆ ಬಂದ ಮದ್ದು ಹೇಳುವವರ ಹತ್ತಿರ ಕ್ಯಾಮೆರಾ ಬಿಚ್ಚಿಸಲೇಬೇಡಿ.

ತಪ್ಪು ಕನ್ವರ್ಟರ್‌ನದ್ದು. ಪಿಕ್ಯೂ ಅಂದರೆ ಬೆಳಕನ್ನು ಅಂಕಿಯಾಗಿ ಬರೆಯುವ ಒಂದು ಅಳತೆ. ಅದು 10,000 ನಿಟ್ಸ್ (ನಿಟ್ಸ್ ಅಂದರೆ ಹೊಳಪಿನ ಮಾನ) ಬೆಳಕಿನವರೆಗೆ ಹೋಗುತ್ತದೆ. ಆದರೆ ಸಮನಾಗಿ ಏರುವುದಿಲ್ಲ, ಕತ್ತಲೆಯ ಕಡೆಗೇ ಹೆಚ್ಚು ಜಾಗ ಕೊಡುತ್ತದೆ. ಮಾಮೂಲಿ ಬಿಳಿಗೆ ಅದರಲ್ಲಿರುವ ಜಾಗ 203 ನಿಟ್ಸ್, ಅಂದರೆ ಪೂರ್ತಿ ಅಳತೆಯಲ್ಲಿ ಶೇ 58ರ ಹತ್ತಿರ. ಅದರ ಮೇಲಿನದ್ದೆಲ್ಲ ಸೂರ್ಯನಿಗೆ, ಒದ್ದೆ ಎಲೆಯ ಹೊಳಪಿಗೆ. ನಿಮ್ಮ ಕನ್ವರ್ಟರ್ ಇದ್ಯಾವುದನ್ನೂ ನೋಡದೆ ಅದೇ ಅಂಕಿಗಳನ್ನು ಜೆಪಿಇಜಿಗೆ ಸುರಿದಿದೆ. 0ಯಿಂದ 255ರ ಲೆಕ್ಕದಲ್ಲಿ 250ರ ಸುಮಾರಿಗೆ ಇರಬೇಕಾದ ಎಸಳು 148ಕ್ಕೆ ಬಂದು ಕೂತಿದೆ. 148 ಅಂದರೆ ಬೂದಿಯೇ. ಗಿಡದ ಬುಡದ ಕಪ್ಪು ನೆರಳು ಇದೇ ಕಾರಣಕ್ಕೆ ತಿಳಿಯಾಗಿದೆ. ಬಣ್ಣಗಳೂ ಅಷ್ಟೇ: ಬಿಟಿ.2020 ಎಂಬ ಅಗಲವಾದ ಹರವಿನಲ್ಲಿದ್ದುದನ್ನು ಎಸ್‌ಆರ್‌ಜಿಬಿ ಎಂಬ ಮಾಮೂಲಿ ಹರವೆಂದು ಓದಿದರೆ ಹಸಿರು ಮಾಸುತ್ತದೆ.

ನಿಮ್ಮ ಕ್ಯಾಮೆರಾದ ಪ್ಲೇಬ್ಯಾಕ್ ಮೆನುವಿನಲ್ಲೇ ಎಚ್‌ಇಐಎಫ್‌ನಿಂದ (ಎಚ್‌ಡಿಆರ್ ಪಿಕ್ಯೂ ಫೋಟೋ ಉಳಿಯುವ ಫೈಲ್) ಜೆಪಿಇಜಿ ಮಾಡುವ ಆಯ್ಕೆ ಇರುತ್ತದೆ. ಹೋಂಸ್ಟೇ ಜಾಹೀರಾತಿಗೆ ಅದು ಧಾರಾಳ ಸಾಕು. ದೊಡ್ಡ ಪ್ರಿಂಟ್ ಬೇಕಿದ್ದರೆ ಜೊತೆಗೆ ರಾ ಫೈಲ್ (ಸೆನ್ಸರ್ ಕಂಡದ್ದನ್ನು ಹಾಗೇ ಇಟ್ಟುಕೊಂಡದ್ದು) ಕೂಡ ತೆಗೆಯಿರಿ. ಎಚ್‌ಡಿಆರ್ ಬೆಳಕನ್ನು ಮಾಮೂಲಿ ಮಟ್ಟಕ್ಕೆ ಇಳಿಸುವ ಕೆಲಸವನ್ನು 16 ಬಿಟ್‌ನಲ್ಲೇ ಮುಗಿಸಿ, ಕೊನೆಗೊಂದೇ ಸಲ ಎಸ್‌ಆರ್‌ಜಿಬಿ ಜೆಪಿಇಜಿ ಮಾಡಿ. ಏಕೆಂದರೆ ಬಿಟ್ ಹೆಚ್ಚಾದಷ್ಟೂ ಬಣ್ಣದ ಮೆಟ್ಟಿಲು ಹೆಚ್ಚು: ಎಚ್‌ಡಿಆರ್ ಪಿಕ್ಯೂ ಫೋಟೋದ 10 ಬಿಟ್‌ನಲ್ಲಿ ಪ್ರತಿ ಬಣ್ಣಕ್ಕೆ 1,024 ಮೆಟ್ಟಿಲು, 1992ರ ಹಳೇ ಜೆಪಿಇಜಿಯ 8 ಬಿಟ್‌ನಲ್ಲಿ 256 ಮಾತ್ರ. ಮೊದಲೇ 8 ಬಿಟ್‌ಗೆ ಇಳಿಸಿ ಆಮೇಲೆ ಎಳೆದಾಡಿದರೆ ಬೆಟ್ಟದ ಮಂಜಿನಲ್ಲಿ ಪಟ್ಟೆ ಪಟ್ಟೆ ಏಳುತ್ತದೆ. ಆಗಲೇ ಎದ್ದಿದ್ದರೆ ಚೂರು ಗ್ರೇನ್ (ಸಣ್ಣ ಸಣ್ಣ ಕಾಳಿನಂಥ ಚುಕ್ಕೆ) ಸೇರಿಸಿ, ಕಣ್ಣಿಗೆ ಕಾಣುವುದು ಕಡಿಮೆಯಾಗುತ್ತದೆ.

ಎಲ್ಲವನ್ನೂ ಉಳಿಸಿಕೊಳ್ಳುವ ಆಸೆ ಬೇಡ. ಎಲೆ ಸಂದಿಯಲ್ಲಿ ಇಣುಕುವ ಸೂರ್ಯ ಪೂರ್ತಿ ಬಿಳಿಯಾಗಲಿ ಬಿಡಿ, ಎಸಳಿನ ಗೆರೆ ಉಳಿಸಿ. ಸೂರ್ಯನನ್ನೂ ನೆರಳನ್ನೂ ಒಂದೇ ಮಟ್ಟಕ್ಕೆ ತಂದರೆ ಗುಡ್ಡದ ಅಂಚಿಗೆ ಬೆಳಕಿನ ಬಳೆ ತೊಡಿಸಿದ ಹಾಗಾಗುತ್ತದೆ. ಮಾಂದಲಪಟ್ಟಿಯ ಅಂಥ ಜಾಹೀರಾತುಗಳನ್ನು ನೋಡಿ ನನಗಂತೂ ಸಾಕಾಗಿದೆ. ಹೌದು, ನಮ್ಮ ಮಂಜು ಬೂದಿ ಬಣ್ಣದ್ದೇ. ಅದನ್ನು ನೇರಳೆ ಮಾಡಬೇಡಿ!

ಇನ್ನೊಂದು ಮಾತು. ಅತಿಥಿಗಳ, ಅವರ ಮಕ್ಕಳ ಫೋಟೋಗಳನ್ನು ಗೊತ್ತಿಲ್ಲದ ಫ್ರೀ ಸೈಟಿಗೆ ಹಾಕಬೇಡಿ. ಮೊಬೈಲ್ ಫೋಟೋ ಆದರೆ ತೆಗೆದ ಜಾಗವೂ ಫೈಲಿನೊಳಗೆ ಇರಬಹುದು. ನಾನಂತೂ ಇಂಥ ಸೈಟುಗಳ ತಂಟೆಗೇ ಹೋಗುವುದಿಲ್ಲ.

ಪ್ರಶ್ನೆ: ಫೈಲ್ ಹೆಸರಿನ ಕೊನೆಯ ಎಚ್‌ಇಐಸಿ ಅಳಿಸಿ ಜೆಪಿಜಿ ಎಂದು ಬರೆದರೆ ಆಯಿತಲ್ವಾ?

ಇಲ್ಲ. ಹೆಸರು ಬದಲಾಯಿತು, ಫೈಲ್ ಅದೇ.

ಪ್ರಶ್ನೆ: ಆಂಡ್ರಾಯ್ಡ್ ಮೊಬೈಲಿನ ಅಲ್ಟ್ರಾ ಎಚ್‌ಡಿಆರ್ ಫೋಟೋವನ್ನು ಜೆಪಿಇಜಿ ಮಾಡುವುದು ಹೇಗೆ?

ಅದು ಜೆಪಿಇಜಿಯೇ. ಹೊಳಪಿನ ನಕ್ಷೆಯೊಂದನ್ನು ಜೊತೆಗೆ ಸೇರಿಸಿರುತ್ತಾರೆ. ಹಳೇ ಕಂಪ್ಯೂಟರ್ ಅದನ್ನು ಬಿಟ್ಟು ಮಾಮೂಲಿ ಚಿತ್ರ ತೋರಿಸುತ್ತದೆ.

ಪ್ರಶ್ನೆ: ಡಿಪಿಐ (ಪ್ರಿಂಟ್‌ನಲ್ಲಿ ಇಂಚಿಗೆ ಎಷ್ಟು ಚುಕ್ಕೆ ಎಂಬ ಲೆಕ್ಕ) 300 ಮಾಡಿಕೊಟ್ಟರೆ ಕಳೆದುಹೋದ ಎಚ್‌ಡಿಆರ್ ವಾಪಸ್ ಬರುತ್ತದಂತೆ, ನಿಜವೇ?

ಸುಳ್ಳು. ಹಾಗೆಂದು ಹಣ ಕೇಳಿದರೆ ಎದ್ದು ಬನ್ನಿ. ಮೂಲ ಫೈಲ್ ಅಳಿಸಿದ್ದರೆ ಮೆಮೊರಿ ಕಾರ್ಡ್ ಮೊದಲು ಎತ್ತಿಡಿ, ಅದರಲ್ಲಿ ಹೊಸ ಫೋಟೋ ತೆಗೆಯಬೇಡಿ.