ಗಾಳಿ ಇಲ್ಲದ ಕಡೆ ಗುಳ್ಳೆ ಹೇಗೆ?

ಶಿರಾದಿಂದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಸಮಭಾಜಕದ ಮೇಲೆ ಉಪಗ್ರಹಗಳು ಪ್ಲಾಸ್ಮಾ ಗುಳ್ಳೆಗಳನ್ನು ಕಂಡವು ಎಂದು ಹೋದ ಸಂಚಿಕೆಯಲ್ಲಿ ಹಾಕಿದ್ದೀರಿ. ಗಾಳಿಯೇ ಇಲ್ಲದ ಕಡೆ ಗುಳ್ಳೆ ಹೇಗೆ ಬಂತು? ಕಂಡವು ಅಂದರೆ ಫೋಟೋ ತೆಗೆದವಾ? ನನ್ನ ಮೊಬೈಲ್ ಜಿಪಿಎಸ್ ರಾತ್ರಿ ಹೊತ್ತು ದಾರಿ ತಪ್ಪಿಸೋದಕ್ಕೂ ಇದೇ ಕಾರಣವಾ?"

ಮೇಷ್ಟ್ರೇ, ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇವೆ. ಆ ಬರಹದ ಪಕ್ಕ ಸೋಪಿನ ಗುಳ್ಳೆಯಂಥ ದುಂಡನೆಯ ಚಿತ್ರ ಹಾಕಿದ್ದು ನಾವೇ. ನಿಜವಾದದ್ದು ಹಾಗಿರುವುದಿಲ್ಲ. ಕಿತ್ತಳೆಯ ಒಂದು ತೊಳೆ ನೆನೆಸಿಕೊಳ್ಳಿ. ಪೂರ್ವ-ಪಶ್ಚಿಮಕ್ಕೆ ತೆಳ್ಳಗೆ, ಉತ್ತರ-ದಕ್ಷಿಣಕ್ಕೆ ಭೂಮಿಯ ಕಾಂತ ರೇಖೆಗಳ ಗುಂಟ ಸಾವಿರಾರು ಕಿಲೋಮೀಟರ್ ಬಾಗಿಕೊಂಡು ಇರುತ್ತದೆ.

ಅಷ್ಟು ಎತ್ತರದಲ್ಲೂ ಗಾಳಿ ಪೂರ್ತಿ ಇಲ್ಲ ಅಂತಲ್ಲ, ತೀರಾ ವಿರಳ ಅಷ್ಟೇ. ಹಗಲಲ್ಲಿ ಸೂರ್ಯನ ಅತಿನೇರಳೆ ಕಿರಣಗಳು ಅದರಿಂದ ಎಲೆಕ್ಟ್ರಾನ್‌ಗಳನ್ನು ಕಿತ್ತುಹಾಕುತ್ತವೆ. ಹೀಗೆ ಹುಟ್ಟಿದ ಪ್ಲಾಸ್ಮಾ ಇರುವ ಪದರವೇ ಅಯಾನುಗೋಳ. ಹೊತ್ತು ಮುಳುಗಿದ ಮೇಲೆ ಕೆಳಗಿನ ಪ್ಲಾಸ್ಮಾ ಬೇಗ ಕರಗಿಹೋಗುತ್ತದೆ. ಸುಮಾರು 300 ಕಿ.ಮೀ. ಮೇಲಿನದು ಉಳಿಯುತ್ತದೆ. ಸಮಭಾಜಕದ ಹತ್ತಿರ ಸಂಜೆಯ ವಿದ್ಯುತ್ ಕ್ಷೇತ್ರ ಅದನ್ನು ಇನ್ನೂ ಮೇಲೆತ್ತುತ್ತದೆ. ಮೇಲೆ ದಟ್ಟ, ಕೆಳಗೆ ಖಾಲಿ. ಎಣ್ಣೆಯ ಮೇಲೆ ನೀರು ನಿಲ್ಲಿಸಿದ ಹಾಗಾಯಿತು. ಎಲ್ಲೋ ಸ್ವಲ್ಪ ಅಲುಗಿದರೆ ಸಾಕು, ಕೆಳಗಿನ ವಿರಳ ಪ್ಲಾಸ್ಮಾ ಮೇಲಕ್ಕೆ ನುಗ್ಗುತ್ತದೆ. ಕೆಲವೊಮ್ಮೆ 1000 ಕಿ.ಮೀ. ದಾಟುತ್ತದೆ. ಸುತ್ತಲಿಗಿಂತ ಹತ್ತು, ನೂರು ಪಟ್ಟು ಕಡಿಮೆ ಪ್ಲಾಸ್ಮಾ ಇರುವ ಈ ಜಾಗಕ್ಕೇ ಗುಳ್ಳೆ ಅನ್ನುವುದು.

ಇನ್ನು ಫೋಟೋ ವಿಷಯ. ಯುರೋಪಿನ ಬಾಹ್ಯಾಕಾಶ ಸಂಸ್ಥೆ 2013ರ ನವೆಂಬರಿನಲ್ಲಿ ಸ್ವಾರ್ಮ್ ಎಂಬ ಮೂರು ಉಪಗ್ರಹಗಳನ್ನು ಹಾರಿಸಿತು. ಅವು ಗುಳ್ಳೆಯನ್ನು ನೋಡುವುದಿಲ್ಲ, ಅದರೊಳಗೇ ಹಾದುಹೋಗುತ್ತವೆ. ಒಂದು ಪುಟ್ಟ ಉಪಕರಣ ಸೆಕೆಂಡಿಗೆ ಎರಡು ಸಲ ಎಲೆಕ್ಟ್ರಾನ್ ಸಾಂದ್ರತೆ ಅಳೆಯುತ್ತದೆ. ಗುಳ್ಳೆ ಬಂದಾಗ ಗ್ರಾಫ್ ದಡಕ್ಕನೆ ಕುಸಿಯುತ್ತದೆ. ತಮಾಷೆ ಏನು ಗೊತ್ತಾ? ಸಮಭಾಜಕದ ಮೇಲೆ ಈ ಉಪಗ್ರಹಗಳೇ ಆಗಾಗ ಜಿಪಿಎಸ್ ಸಂಕೇತ ಕಳೆದುಕೊಳ್ಳುತ್ತಿದ್ದವು. ಹುಡುಕಿದಾಗ ಕಾರಣ ಇವೇ ಗುಳ್ಳೆಗಳು! ಅಳೆಯಲು ಹೋದವರೇ ಸಿಕ್ಕಿಬಿದ್ದರು.

ಆದರೆ ಈ ವಿಧಾನಕ್ಕೆ ಒಂದು ಮಿತಿ ಇದೆ. ಕತ್ತಲಲ್ಲಿ ಬೈಕ್ ಓಡಿಸುವವನಿಗೆ ಹೊಂಡ ಬಂತು ಅನ್ನುವುದು ಗೊತ್ತಾಗುತ್ತದೆ. ಅದು ಯಾವಾಗ ಆಯಿತು, ಎಷ್ಟು ದೊಡ್ಡದು ಅನ್ನುವುದು ಗೊತ್ತಾಗಲ್ಲ. ಅದಕ್ಕೆ ದೂರದಿಂದ ನೋಡಬೇಕು. ನಾಸಾದ ಗೋಲ್ಡ್ ಉಪಕರಣ ಆ ಕೆಲಸ ಮಾಡುತ್ತಿದೆ. 2018ರಲ್ಲಿ ಒಂದು ಸಂಪರ್ಕ ಉಪಗ್ರಹದ ಮೇಲೆ ಕೂತು ಸುಮಾರು 36,000 ಕಿ.ಮೀ. ಎತ್ತರಕ್ಕೆ ಹೋಯಿತು. ರಾತ್ರಿ ಅಯಾನುಗೋಳ ಸೂಸುವ ಮಂದ ಅತಿನೇರಳೆ ಬೆಳಕಿನಲ್ಲಿ ಗುಳ್ಳೆಗಳು ಅದಕ್ಕೆ ಕಪ್ಪು ಪಟ್ಟೆಗಳಾಗಿ ಕಾಣುತ್ತವೆ. ಅಂದರೆ ಫೋಟೋ ಕೂಡ ಇದೆ ಮೇಷ್ಟ್ರೇ, ಆದರೆ ಅದು ದಕ್ಷಿಣ ಅಮೆರಿಕ, ಅಟ್ಲಾಂಟಿಕ್ ಕಡೆಯದು. ನಮ್ಮ ಆಕಾಶ ಅದರ ಕಣ್ಣಿಗೆ ಬೀಳುವುದಿಲ್ಲ.

ಹಾಗಂತ ನಮಗೂ ಇದಕ್ಕೂ ಸಂಬಂಧ ಇಲ್ಲ ಅನ್ನಬೇಡಿ. ಗುಳ್ಳೆಗಳು ಏಳುವ ಕಾಂತೀಯ ಸಮಭಾಜಕ ರೇಖೆ (ಭೂಮಿಯ ಕಾಂತ ರೇಖೆಗಳು ನೆಲಕ್ಕೆ ಸಮಾನಾಂತರವಾಗಿರುವ ಕಡೆ) ಹಾದುಹೋಗುವುದು ಭಾರತದ ದಕ್ಷಿಣ ತುದಿಯ ಹತ್ತಿರವೇ. ಕೇರಳದ ತುಂಬಾ ಎಂಬ ಊರಿನಿಂದ 1963ರಲ್ಲಿ ರಾಕೆಟ್ ಹಾರಿಸಲು ಶುರು ಮಾಡಿದ್ದೂ ಅದಕ್ಕೇ. ನಮ್ಮ ಕಡೆ ಗುಳ್ಳೆಗಳು ಜಾಸ್ತಿ ಏಳುವುದು ಮಾರ್ಚ್-ಏಪ್ರಿಲ್ ಮತ್ತು ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿನಲ್ಲಿ, ಸೂರ್ಯ ಚುರುಕಾಗಿರುವ ವರ್ಷಗಳಲ್ಲಿ. ವಿಮಾನಗಳಿಗೆ ದಾರಿ ತೋರುವ ಗಗನ್ ವ್ಯವಸ್ಥೆಯ ನಿಯಂತ್ರಣ ಕೇಂದ್ರ ಬೆಂಗಳೂರಿನ ಕುಂದಲಹಳ್ಳಿಯಲ್ಲಿದೆ. ಅದಕ್ಕೆ ಭಾರತದ ಅಯಾನುಗೋಳಕ್ಕೆ ಹೊಂದುವ ಲೆಕ್ಕಾಚಾರವನ್ನೇ ಬೇರೆಯಾಗಿ ಮಾಡಬೇಕಾಯಿತು.

ನಿಮ್ಮ ಮೊಬೈಲ್? ಗುಳ್ಳೆ ಅಡ್ಡ ಬಂದರೆ ಒಂದೆರಡು ಉಪಗ್ರಹಗಳ ಸಂಕೇತ ಕೆಲ ಹೊತ್ತು ನಡುಗಬಹುದು, ತಪ್ಪಿಯೂ ಹೋಗಬಹುದು. ಫೋನು ಉಳಿದವುಗಳಿಂದ ಹೇಗೋ ಸುಧಾರಿಸುತ್ತದೆ. ಸೆಂಟಿಮೀಟರ್ ಲೆಕ್ಕದಲ್ಲಿ ಜಮೀನು ಸರ್ವೆ ಮಾಡುವವರಿಗೆ ಮಾತ್ರ ಇದು ನಿಜವಾದ ತಲೆನೋವು. ಒಂದು ಪರೀಕ್ಷೆ ಮಾಡಿ ನೋಡಿ. ರಾತ್ರಿ ಎಂಟಕ್ಕೂ ಬೆಳಿಗ್ಗೆ ಎಂಟಕ್ಕೂ ಅದೇ ಗಲ್ಲಿಗೆ ಕರೆದುಕೊಂಡು ಹೋದರೆ, ತಪ್ಪು ಆಕಾಶದ್ದಲ್ಲ, ಮ್ಯಾಪಿನದು.