ಚಳಿಯ ಹೆಸರು ಸರ್ಟಿಫಿಕೇಟಿನಲ್ಲಿ ಇರೋದಿಲ್ಲ

ಪುಣೆಯ ಕೋಥ್ರೂಡಿನಿಂದ ಓದುಗರೊಬ್ಬರು ಬರೆದಿದ್ದಾರೆ: "ಮಗ ಇಂಗ್ಲೆಂಡಿನಲ್ಲಿದ್ದಾನೆ. ಅಲ್ಲಿ 2017-18ರ ಚಳಿಗಾಲದಲ್ಲಿ ಐವತ್ತು ಸಾವಿರ ಜನ ಜಾಸ್ತಿ ಸತ್ತರಂತೆ. ಅಷ್ಟೂ ಜನರ ಸರ್ಟಿಫಿಕೇಟಿನಲ್ಲಿ ಡಾಕ್ಟರು 'ಚಳಿ' ಅಂತ ಬರೆದಿದ್ದರಾ? ಜನವರಿಯಲ್ಲಿ ನಮ್ಮ ಅತ್ತೆ ತೀರಿಕೊಂಡರು. ಅವರ ಕಾಗದದಲ್ಲಿ ಚಳಿಯ ಸುದ್ದಿಯೇ ಇಲ್ಲ."

ಸಂಪಾದಕರ ಉತ್ತರ:

ಅತ್ತೆಯವರ ವಿಷಯ ಓದಿ ಬೇಜಾರಾಯಿತು, ರಾಯರೇ.

ಇಲ್ಲ, ಅಲ್ಲೂ ಹಾಗೆ ಬರೆದಿರಲಿಲ್ಲ. ನೀವು ಹೇಳುವ ಸಂಖ್ಯೆ ಇಂಗ್ಲೆಂಡ್, ವೇಲ್ಸ್ ಎರಡೂ ಸೇರಿ ಸುಮಾರು 50,100. ಅದು ಹೆಣ ಎಣಿಸಿ ಬಂದದ್ದಲ್ಲ, ಕಳೆಯುವ ಲೆಕ್ಕದಿಂದ ಬಂದದ್ದು. ಅಲ್ಲಿನ ಅಂಕಿಅಂಶ ಕಚೇರಿಯವರು ಡಿಸೆಂಬರಿನಿಂದ ಮಾರ್ಚ್‌ವರೆಗಿನ ಸಾವುಗಳನ್ನು ತೆಗೆದುಕೊಂಡು, ಅದರ ಹಿಂದಿನ ಆಗಸ್ಟ್‌-ನವೆಂಬರ್ ಮತ್ತು ಮುಂದಿನ ಏಪ್ರಿಲ್‌-ಜುಲೈ ತಿಂಗಳುಗಳ ಸರಾಸರಿಯನ್ನು ಅದರಿಂದ ಕಳೆಯುತ್ತಿದ್ದರು. ಸುಮ್ನೆ ಒಂದು ಊರು ಅಂದುಕೊಳ್ಳಿ. ಚಳಿಗಾಲದಲ್ಲಿ 1,200 ಸಾವು, ಹಿಂದಿನ ನಾಲ್ಕು ತಿಂಗಳಲ್ಲಿ 1,000, ಮುಂದಿನ ನಾಲ್ಕರಲ್ಲಿ 980. ಸರಾಸರಿ 990, ಹೆಚ್ಚುವರಿ 210. ಆ 210 ಜನ ಯಾರು ಅಂತ ಕೇಳಿದರೆ ಆ ಕಚೇರಿಯವರೂ ಬೊಟ್ಟು ಮಾಡಿ ತೋರಿಸಲಾರರು.

ಕಾರಣದ ಲೆಕ್ಕವೂ ಹೀಗೇ. ಒಂದೊಂದು ಕಾಯಿಲೆಗೂ ಇದೇ ಕಳೆಯುವ ಲೆಕ್ಕ. ಡಾಕ್ಟರು ಫಾರ್ಮಿನಲ್ಲಿ ಒಂದರ ಕೆಳಗೊಂದು ಸಾಲು ತುಂಬುತ್ತಾರೆ: ಮೇಲೆ ಕೊನೆಗೆ ಜೀವ ತೆಗೆದದ್ದು, ಕೆಳಗೆ ಅದಕ್ಕೆ ದಾರಿ ಮಾಡಿದ್ದು, ತಳದಲ್ಲಿ ಮೂಲ ಕಾಯಿಲೆ. ಸಾಮಾನ್ಯವಾಗಿ ಪಟ್ಟಿಗೆ ಹೋಗುವುದು ಆ ತಳದ ಸಾಲು. ಡೆಮೆನ್ಷಿಯಾದಿಂದ ಹಾಸಿಗೆ ಹಿಡಿದ ಅಜ್ಜಿ ಜನವರಿಯಲ್ಲಿ ನ್ಯುಮೋನಿಯಾ ಆಗಿ ಹೋದರೆ, ತಳದಲ್ಲಿ ಡೆಮೆನ್ಷಿಯಾ ಅಂತಿದ್ದರೆ ಅವರು ಸೇರುವುದು ಡೆಮೆನ್ಷಿಯಾ ಪಟ್ಟಿಗೆ. 2017-18ರ ಆ ಹೆಚ್ಚುವರಿಯಲ್ಲಿ ಸುಮಾರು ಮೂರನೇ ಒಂದು ಭಾಗ ಉಸಿರಾಟದ ಕಾಯಿಲೆಗಳದ್ದು. ಮೈ ಥಂಡಿ ಹಿಡಿದು ಸಾಯುವುದಕ್ಕೆ ಕಾರಣಗಳ ಪಟ್ಟಿಯಲ್ಲಿ ಬೇರೆ ಕೋಡ್ ಇದೆ, ಆದರೆ ಅದರಲ್ಲಿ ಬರುವವರು ಬಹಳ ಕಮ್ಮಿ. ಚಳಿ ನೇರವಾಗಿ ಬಂದು ಕೊಲ್ಲೋದಿಲ್ಲ ಅಲ್ವಾ? ರಕ್ತನಾಳ ಬಿಗಿಯುತ್ತದೆ, ಬಿಪಿ ಏರುತ್ತದೆ, ರಕ್ತ ಗಟ್ಟಿಯಾಗುತ್ತದೆ, ಆಮೇಲೆ ಹೆಸರು ಬರುವುದು ಹಾರ್ಟಿಗೆ.

ಈ ಲೆಕ್ಕ ಒರಟು. 2020ರ ಏಪ್ರಿಲ್‌ನಲ್ಲಿ ಕೋವಿಡ್ ಸಾವು ಏರಿದಾಗ, ಹೋಲಿಕೆಗೆ ಇಟ್ಟುಕೊಂಡ 'ಮಾಮೂಲಿ' ತಿಂಗಳುಗಳೇ ಕೆಟ್ಟು ಕೂತವು. ಆ ವರ್ಷ ಕೋವಿಡ್ ಸಾವುಗಳನ್ನು ಬಿಟ್ಟು ಲೆಕ್ಕ ಹಾಕಬೇಕಾಯಿತು. ಆದರೂ ನನಗೆ ಇದು ಇಷ್ಟ. ಯಾವ ಡಾಕ್ಟರು ಏನು ಮರೆತರೂ ತಿಂಗಳ ಒಟ್ಟು ಸಾವು ಸುಳ್ಳು ಹೇಳೋದಿಲ್ಲ. ಇನ್ನೊಂದು ಮಾತು: ಈ ಹೆಚ್ಚುವರಿ ಕೊರೆಯುವ ಚಳಿಯ ಫಿನ್‌ಲೆಂಡಿಗಿಂತ ಪೋರ್ಚುಗಲ್‌ನಲ್ಲಿ ಜಾಸ್ತಿ. ಫಿನ್‌ಲೆಂಡಿನ ಮನೆಗಳನ್ನು ಚಳಿಗಂತಲೇ ಕಟ್ಟಿರುತ್ತಾರೆ. ನಿಮ್ಮ ಪುಣೆಯಲ್ಲಿ ಜನವರಿ ಬೆಳಿಗ್ಗೆ ಮೊಸಾಯಿಕ್ ನೆಲದ ಮೇಲೆ ಬರಿಗಾಲಿಟ್ಟವರಿಗೆ ಇದು ಗೊತ್ತಿರುತ್ತದೆ. ನಾವು ಮುಂಬೈ ಮಾಟುಂಗಾದವರು 18 ಡಿಗ್ರಿಗೇ ಕುಲಾವಿ ಹುಡುಕುವವರು, ನಮ್ಮ ಮಾತು ಬಿಡಿ.

ಇನ್ನು ನಮ್ಮಲ್ಲಿಗೆ ಬರೋಣ. ಆಸ್ಪತ್ರೆ ಸಾವಿಗೆ ಡಾಕ್ಟರು ತುಂಬುವುದು ಫಾರ್ಮ್ 4, ಮನೆಯ ಸಾವಿಗೆ 4ಎ. ಸಾಲುಗಳು ಅವೇ. ಬರೀ 'ಹಾರ್ಟ್ ಫೇಲ್' ಅಂತ, ಸತ್ತ ರೀತಿಯನ್ನು ಬರೆಯಬೇಡಿ ಅಂತ ಫಾರ್ಮಿನ ಮೇಲೇ ಅಚ್ಚಾಗಿದೆ. ನಮ್ಮ ಮಾವ ಹೋದಾಗ ಒಂದು ನರ್ಸಿಂಗ್ ಹೋಮಿನವರು ಬರೆದದ್ದು ಅದನ್ನೇ: ಹೃದಯ, ಉಸಿರು ನಿಂತಿತು. ಕೆಳಗಿನ ಸಾಲುಗಳಲ್ಲಿ ಒಂದು ಗೀಟು. ಹದಿನೈದು ದಿನ ಕೆಮ್ಮಿದ್ದು ಎಲ್ಲೂ ಇಲ್ಲ. ಅಂಥ ಗೀಟಿನಿಂದ ಯಾವ ಕಚೇರಿ ತಾನೆ ಏನು ಲೆಕ್ಕ ಮಾಡೀತು? 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳ ಪೈಕಿ ಡಾಕ್ಟರು ಕಾರಣ ಬರೆದದ್ದು ಶೇಕಡಾ 22.5ಕ್ಕೆ ಮಾತ್ರ. ಗೋವಾದಲ್ಲಿ ಹೆಚ್ಚುಕಡಿಮೆ ಎಲ್ಲಕ್ಕೂ ಬರೆಯುತ್ತಾರೆ. ಚಳಿಗೆ ಸತ್ತರು ಅಂತ ಅಪರಾಧ ದಾಖಲೆ ಬ್ಯೂರೋ ಕೊಡುವ ಸಂಖ್ಯೆ ಪೊಲೀಸರ ಲೆಕ್ಕ, ಅಪಘಾತಗಳ ಪಟ್ಟಿಯಲ್ಲಿ ಬರುವಂಥದ್ದು. ಫುಟ್‌ಪಾತಿನಲ್ಲಿ ಸತ್ತವರು ಅದರಲ್ಲಿ ಸಿಕ್ಕಾರು, ರಜಾಯಿ ಹೊದ್ದು ಮನೆಯಲ್ಲಿ ಹೋದ ನಿಮ್ಮ ಅತ್ತೆಯಂಥವರು ಸಿಗುವುದಿಲ್ಲ.

ನಿಮ್ಮ ಕೈಯಲ್ಲಿರುವುದು ಯಾವ ಕಾಗದ ನೋಡಿ. ಮಹಾನಗರಪಾಲಿಕೆಯ ಮರಣ ಪತ್ರದಲ್ಲಿ ಸಾವಿನ ಕಾರಣ ಹಾಕುವಂತಿಲ್ಲ, 1969ರ ಕಾಯ್ದೆಯೇ ಹಾಗಿದೆ. ಡಾಕ್ಟರು ತುಂಬಿದ ಫಾರ್ಮಿನ ಪ್ರತಿ ಬೇರೆ. 2023ರ ತಿದ್ದುಪಡಿಯಾದ ಮೇಲೆ ಅದನ್ನು ಮನೆಯವರಿಗೂ ಕೊಡಬೇಕು. ಅದು ಸಿಕ್ಕರೆ ಮೇಲಿನ ಸಾಲು ಬಿಡಿ, ತಳದ್ದು ಓದಿ, ನನಗೂ ಬರೆಯಿರಿ.