ಕಳಿಸಿ, ನೀವೂ ಜೊತೆಗೆ ಹೋಗಿ

ನಿಮ್ಮ ಪ್ರಶ್ನೆ ಓದಿದೆ. ನೆದರ್ಲೆಂಡ್ಸ್‌ಗೆ ಬಂದು ಏಳು ತಿಂಗಳು. ಮಗಳಿಗೆ ಹನ್ನೊಂದು ವರ್ಷ, ಇಲ್ಲಿನ ಲೆಕ್ಕದಲ್ಲಿ ಗ್ರೂಪ್ ಎಂಟು. ವುಖ್ಟ್ ಊರಿನ ಹಳೇ ನಾತ್ಸಿ ಕ್ಯಾಂಪ್ ತೋರಿಸಲು ಕರೆದುಕೊಂಡು ಹೋಗುತ್ತೇವೆ ಎಂದು ಶಾಲೆಯಿಂದ ಚೀಟಿ ಬಂದಿದೆ. ಇಷ್ಟು ಚಿಕ್ಕ ಮಗುವಿಗೆ ಇದೆಲ್ಲ ಬೇಕಾ, ರಾತ್ರಿ ಬೆಚ್ಚಿಬಿದ್ದರೆ ಏನು ಮಾಡೋದು, ಕಳಿಸದಿದ್ದರೆ ಶಾಲೆಯವರು ತಪ್ಪು ತಿಳಿದುಕೊಳ್ಳುತ್ತಾರಾ ಎಂದು ಕೇಳಿದ್ದೀರಿ. ಕೊನೆಯಲ್ಲಿ ಇನ್ನೊಂದು ಸಾಲು: ಮೇ 4ರ ಸಂಜೆ ಅಂಗಡಿಗಳು ಯಾಕೆ ಬೇಗ ಮುಚ್ಚುತ್ತವೆ?

ಕಳಿಸಿ. ಉತ್ತರ ಅಷ್ಟೇ. ಯಾಕೆ ಅನ್ನೋದು ಸ್ವಲ್ಪ ಉದ್ದ.

ಮೇ 4ರಿಂದ ಶುರು ಮಾಡುತ್ತೇನೆ, ಅಲ್ಲಿ ನಾನೇ ಎಡವಿದವನು. ಐಂಡ್‌ಹೋವನ್‌ಗೆ ಬಂದ ಮೊದಲ ವರ್ಷ. ಬಿಸಿಲು ಚೆನ್ನಾಗಿತ್ತು, ಮನೆಯ ಹಿಂದಿನ ತೋಟದಲ್ಲಿ ನಾಲ್ಕು ಕನ್ನಡದ ಕುಟುಂಬಗಳು ಸೇರಿದ್ದೆವು. ಒಲೆಯ ಮೇಲೆ ಜೋಳ, ಸ್ಪೀಕರ್‌ನಲ್ಲಿ ಹಾಡು, ಮಕ್ಕಳ ಕಿರುಚಾಟ. ರಾತ್ರಿ ಎಂಟಕ್ಕೆ ಸರಿಯಾಗಿ ಬೇಲಿಯಾಚೆ ಪಕ್ಕದ ಮನೆಯ ಅಜ್ಜಿ ಬಂದು ನಿಂತರು. ಬೈಯಲಿಲ್ಲ, ಕೈಸನ್ನೆ ಕೂಡ ಮಾಡಲಿಲ್ಲ. ತಲೆ ತಗ್ಗಿಸಿ ಸುಮ್ಮನೆ ನಿಂತಿದ್ದರು. ನಮ್ಮಲ್ಲೊಬ್ಬರು "ಜೋಳ ಬೇಕಾ?" ಎಂದು ಕೂಗಿದರು ಬೇರೆ! ಎರಡು ನಿಮಿಷ ಕಳೆದ ಮೇಲೆ ಅಜ್ಜಿ "ಎಂಟು ಗಂಟೆಯಾಗಿತ್ತು" ಎಂದಷ್ಟೇ ಹೇಳಿ ಒಳಗೆ ಹೋದರು. ಆ ಮಾತಿನ ಅರ್ಥ ಗೊತ್ತಾಗಿದ್ದು ಮರುದಿನ, ಆಫೀಸಿನಲ್ಲಿ.

ಮೇ 4ರ ರಾತ್ರಿ ಎಂಟಕ್ಕೆ ಇಡೀ ದೇಶ ಎರಡನೇ ಮಹಾಯುದ್ಧದಲ್ಲಿ, ಅದರ ನಂತರದ ಯುದ್ಧಗಳಲ್ಲಿ ಸತ್ತವರನ್ನು ನೆನೆದು ಎರಡು ನಿಮಿಷ ಮೌನವಾಗಿರುತ್ತದೆ. ಬಾವುಟಗಳು ಅರ್ಧಕ್ಕೆ ಇಳಿದಿರುತ್ತವೆ. ಆಮ್‌ಸ್ಟರ್‌ಡ್ಯಾಮ್‌ನ ಡ್ಯಾಮ್ ಚೌಕದಲ್ಲಿ ರಾಜ ಹೂಮಾಲೆ ಇಡುತ್ತಾರೆ. ನಿಮ್ಮ ಊರಿನ ಚಿಕ್ಕ ಸ್ಮಾರಕದ ಹತ್ತಿರವೂ ಜನ ಸೇರುತ್ತಾರೆ. ಅಂಗಡಿಗಳು ಬೇಗ ಮುಚ್ಚುವುದು ಇದಕ್ಕೇ. ಮಾರನೇ ದಿನ, ಮೇ 5, ಜರ್ಮನರ ಹಿಡಿತದಿಂದ ಬಿಡುಗಡೆಯಾದ ದಿನ. ಆಗ ಬೇಕಾದಷ್ಟು ಹಾಡು, ಕುಣಿತ. ಆದರೆ ರಜೆ ಸಿಗುತ್ತದೆ ಎಂದುಕೊಳ್ಳಬೇಡಿ. ಹೆಚ್ಚಿನ ಕಂಪನಿಗಳಲ್ಲಿ ಅದು ಐದು ವರ್ಷಕ್ಕೊಮ್ಮೆ ಮಾತ್ರ.

ಆ ವಾರವೇ ಚಕ್ಕುಲಿ ಡಬ್ಬಿ ಹಿಡಿದು ಅಜ್ಜಿಯ ಮನೆಗೆ ಹೋದೆ, ಕ್ಷಮೆ ಕೇಳೋಣ ಅಂತ. ಅವರು ಕೋಟು ಹಾಕಿಕೊಂಡು ನನ್ನನ್ನು ಹೊರಗೆ ಕರೆದುಕೊಂಡು ಹೊರಟರು. ಎರಡು ಬೀದಿ ದಾಟಿ ಒಂದು ಮನೆ ತೋರಿಸಿದರು. ಯುದ್ಧಕ್ಕೆ ಮುಂಚೆ ಅಲ್ಲಿದ್ದ ಯಹೂದಿ ಮನೆಯವರು ವಾಪಸ್ ಬರಲಿಲ್ಲ ಎಂದರು. ಈಗ ಆ ಬಾಗಿಲ ಮುಂದೆ ಫುಟ್‌ಪಾತ್‌ನಲ್ಲಿ ಮೂರು ಹಿತ್ತಾಳೆ ಕಲ್ಲುಗಳಿವೆ. ಒಂದೊಂದೂ ಹತ್ತು ಸೆಂಟಿಮೀಟರ್ ಚೌಕ. "ಇಲ್ಲಿ ವಾಸವಾಗಿದ್ದರು" ಎಂದು ಶುರು. ಆಮೇಲೆ ಹೆಸರು, ಹುಟ್ಟಿದ ವರ್ಷ, ಹಿಡಿದುಕೊಂಡು ಹೋದ ದಿನ, ಕೊಂದ ಜಾಗ. ಇದು ಜರ್ಮನ್ ಕಲಾವಿದ ಗುಂಟರ್ ಡೆಮ್ನಿಗ್ ಶುರು ಮಾಡಿದ ಕೆಲಸ. ಡಚ್ಚರು ಇವನ್ನು ಸ್ಟ್ರೌಕಲ್‌ಸ್ಟೇನನ್ ಎನ್ನುತ್ತಾರೆ, ಎಡವುವ ಕಲ್ಲುಗಳು. ಓದಬೇಕಾದರೆ ತಲೆ ಬಗ್ಗಿಸಲೇಬೇಕು. ನೀವೂ ದಿನಾ ಇಂಥದ್ದನ್ನು ದಾಟಿಕೊಂಡೇ ಓಡಾಡುತ್ತಿರಬಹುದು, ನೋಡಿ.

ಇಲ್ಲಿ ನೆನಪು ಅಂದರೆ ಹೆಸರು ಮತ್ತು ವಿಳಾಸ. ಇದು ನನಗೆ ಅರ್ಥವಾಗಲು ವರ್ಷಗಳೇ ಬೇಕಾದವು. ಯಾಕೆಂದರೆ ಆ ಜನರನ್ನು ಕೊಂದಿದ್ದರಲ್ಲೂ ಹೆಸರು, ವಿಳಾಸಗಳ ಪಾತ್ರ ದೊಡ್ಡದು.

ಯುದ್ಧಕ್ಕೆ ಮುಂಚೆ ಇಲ್ಲಿ ಸುಮಾರು 1,40,000 ಯಹೂದಿಗಳಿದ್ದರು. ಸುಮಾರು 1,02,000 ಜನ ಸತ್ತರು, ಅಂದರೆ ನಾಲ್ವರಲ್ಲಿ ಮೂವರು. ಪಕ್ಕದ ಬೆಲ್ಜಿಯಂನಲ್ಲಾಗಲಿ ಫ್ರಾನ್ಸ್‌ನಲ್ಲಾಗಲಿ ಈ ಪ್ರಮಾಣ ಇಷ್ಟಿರಲಿಲ್ಲ. ಅವಿತುಕೊಳ್ಳಲು ಇದು ಬೆಟ್ಟಗುಡ್ಡದ ದೇಶವಲ್ಲ ಅನ್ನೋದು ಒಂದು ಕಾರಣ. ಇನ್ನೊಂದು ಕಾರಣ, ಇಲ್ಲಿನ ಕಚೇರಿಗಳ ಅಚ್ಚುಕಟ್ಟು. ಯಾರು ಎಲ್ಲಿದ್ದಾರೆ, ಯಾವ ಧರ್ಮ, ಎಲ್ಲವೂ ನಗರಸಭೆಯ ದಾಖಲೆಯಲ್ಲಿ ಇತ್ತು. 1941ರಲ್ಲಿ ಯಹೂದಿಗಳು ಬೇರೆಯಾಗಿ ನೋಂದಾಯಿಸಿಕೊಳ್ಳಬೇಕು ಎಂದು ದೇಶವನ್ನು ಆಕ್ರಮಿಸಿದ್ದ ಜರ್ಮನರಿಂದ ಆದೇಶ ಬಂತು. ಗುಮಾಸ್ತರು ಕೆಲಸ ಸರಿಯಾಗಿಯೇ ಮಾಡಿದರು. ಡಚ್ ಪೊಲೀಸರು ಮನೆ ಬಾಗಿಲು ತಟ್ಟಿದರು. ಸಾವಿನ ಕ್ಯಾಂಪುಗಳಿಗೆ ಕಳಿಸುವ ಮುಂಚೆ ಯಹೂದಿಗಳನ್ನು ಕೂಡಿಡುತ್ತಿದ್ದ ವೆಸ್ಟರ್‌ಬೋರ್ಕ್ ಕ್ಯಾಂಪಿಗೆ ಡಚ್ ರೈಲ್ವೆ ಜನರನ್ನು ಸಾಗಿಸಿತು, ಅದಕ್ಕೆ ದುಡ್ಡೂ ತೆಗೆದುಕೊಂಡಿತು. ಮೊನ್ನೆ ನೀವು ಗೆಮೇಂಟೆಗೆ, ಅಂದರೆ ನಗರಸಭೆಗೆ ಹೋಗಿ ಹೆಸರು ಬರೆಸಿ ಬಂದಿರಲ್ಲ, ಅಲ್ಲಿ ಧರ್ಮ ಯಾವುದು ಎಂದು ಕೇಳಲಿಲ್ಲ, ಗಮನಿಸಿದಿರಾ? ಶಾಲೆಗೆ ಸೇರುವ ದಿನವೇ ಜಾತಿ ಕಾಲಂ ತುಂಬಿ ಬೆಳೆದವರು ನಾವು. ನನಗಂತೂ ಅದು ಹೊಳೆದಿದ್ದು ಬಹಳ ತಡವಾಗಿ.

ಎದುರು ನಿಂತವರೂ ಇದ್ದರು. 1941ರ ಫೆಬ್ರವರಿ 25ರಂದು ಆಮ್‌ಸ್ಟರ್‌ಡ್ಯಾಮ್‌ನ ಟ್ರಾಮ್ ನೌಕರರು, ಹಡಗುಕಟ್ಟೆಯ ಕೂಲಿಗಳು ಯಹೂದಿಗಳನ್ನು ಹಿಡಿದು ಒಯ್ದಿದ್ದಕ್ಕೆ ಮುಷ್ಕರ ಹೂಡಿದರು. ಬಹಳ ವರ್ಷ ಈ ದೇಶ ತನಗೆ ತಾನು ಹೇಳಿಕೊಂಡ ಕಥೆ ಇಂಥದ್ದೇ: ನಾವು ಚಿಕ್ಕವರು, ಒಳ್ಳೆಯವರು, ಜರ್ಮನರು ಕೆಟ್ಟವರು. ಇನ್ನೊಂದು ಮುಖ ಹೊರಗೆ ಬರಲು ದಶಕಗಳೇ ಹಿಡಿದವು. ಕ್ಯಾಂಪಿನಿಂದ ಬದುಕಿ ಬಂದವರಿಂದ ಆಮ್‌ಸ್ಟರ್‌ಡ್ಯಾಮ್ ನಗರಸಭೆ ಅವರಿಲ್ಲದ ವರ್ಷಗಳ ನೆಲಬಾಡಿಗೆಯನ್ನು ದಂಡ ಸೇರಿಸಿ ವಸೂಲಿ ಮಾಡಿತ್ತು! ರೈಲ್ವೆ ಕ್ಷಮೆ ಕೇಳಿದ್ದು 2005ರಲ್ಲಿ. ತಂದೆ ತಾಯಿಯನ್ನು ಕಳೆದುಕೊಂಡ ಸಾಲೋ ಮುಲ್ಲರ್ ಬೆನ್ನು ಬಿದ್ದ ಮೇಲೆ 2019ರಲ್ಲಿ ಪರಿಹಾರ ಘೋಷಿಸಿತು, ಬದುಕುಳಿದವರಿಗೆ ತಲಾ 15,000 ಯೂರೋ. ಈ ಮುಲ್ಲರ್ ಹಿಂದೆ ಅಯಾಕ್ಸ್ ಫುಟ್‌ಬಾಲ್ ತಂಡದ ಫಿಸಿಯೋಥೆರಪಿಸ್ಟ್ ಆಗಿದ್ದವರು. ಸರ್ಕಾರದ ಪರವಾಗಿ ಆಗಿನ ಪ್ರಧಾನಿ ಮಾರ್ಕ್ ರುಟ್ಟೆ ಕ್ಷಮೆ ಕೇಳಿದ್ದು 2020ರ ಜನವರಿಯಲ್ಲಿ. ಲೆಕ್ಕ ಹಾಕಿ, ಎಪ್ಪತ್ತೈದು ವರ್ಷ. ಅದೇ ವರ್ಷ ಕೊರೊನಾದಿಂದ ಖಾಲಿಯಾಗಿದ್ದ ಡ್ಯಾಮ್ ಚೌಕದಲ್ಲಿ ರಾಜ ತನ್ನ ಮುತ್ತಜ್ಜಿ ವಿಲ್ಹೆಲ್ಮಿನಾ ವಿಷಯವನ್ನೂ ಎತ್ತಿದರು. ಯುದ್ಧದ ಕಾಲದಲ್ಲಿ ಲಂಡನ್‌ಗೆ ಹೋಗಿದ್ದ ಆ ರಾಣಿಯಿಂದ ತಮಗೆ ಸಾಕಷ್ಟು ಬೆಂಬಲ ಸಿಗಲಿಲ್ಲ ಎಂದು ಯಹೂದಿಗಳಿಗೆ ಅನಿಸಿತ್ತು, ಅದು ತನ್ನನ್ನು ಬಿಡದೆ ಕಾಡುತ್ತದೆ ಎಂದರು. ಆ ಭಾಷಣವನ್ನು ಅಜ್ಜಿ ತಮ್ಮ ಟಿವಿಯಲ್ಲಿ, ನಾವು ನಮ್ಮ ಟಿವಿಯಲ್ಲಿ ನೋಡಿದೆವು. ಆಮೇಲೆ ಬೇಲಿಯ ಹತ್ತಿರ ಅವರು ಹೇಳಿದ್ದು: "ತಡವಾಯಿತು. ಆದರೂ ಹೇಳಿದನಲ್ಲ."

ಈಗ ಅದೇ ಹೆಸರುಗಳನ್ನು ಕಚೇರಿಯ ಕಪಾಟಿನಿಂದ ಹೊರಗೆ ತರುತ್ತಿದ್ದಾರೆ. 2020ರ ಜನವರಿಯಲ್ಲಿ ವೆಸ್ಟರ್‌ಬೋರ್ಕ್‌ನಲ್ಲಿ ಎಲ್ಲ 1,02,000 ಹೆಸರುಗಳನ್ನು ಹಗಲೂ ರಾತ್ರಿ, ದಿನಗಟ್ಟಲೆ ಗಟ್ಟಿಯಾಗಿ ಓದಿದರು. 2021ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹೆಸರುಗಳ ಸ್ಮಾರಕ ಶುರುವಾಯಿತು. ಒಂದು ಇಟ್ಟಿಗೆಗೆ ಒಂದು ಹೆಸರು, ಪಕ್ಕದಲ್ಲಿ ವಯಸ್ಸು. ಹಿಂದೆ ಜಿಪ್ಸಿಗಳು ಎನ್ನುತ್ತಿದ್ದ ಸಿಂತಿ, ರೋಮಾ ಜನರ ಹೆಸರುಗಳೂ ಅಲ್ಲಿವೆ. ಹೋಲೋಕಾಸ್ಟ್ ಅಂದರೆ ನಾತ್ಸಿಗಳು ನಡೆಸಿದ ಯಹೂದಿಗಳ ಸಾಮೂಹಿಕ ಹತ್ಯೆ, ಅದರ ರಾಷ್ಟ್ರೀಯ ಮ್ಯೂಸಿಯಂ ತೆರೆದಿದ್ದಂತೂ 2024ರಲ್ಲಿ. ಅವಿತುಕೊಂಡೇ ಡೈರಿ ಬರೆದ ಯಹೂದಿ ಹುಡುಗಿ ಆನ್ ಫ್ರಾಂಕ್ ಮನೆಗೆ ಜಗತ್ತೇ ಬರುವ ಊರಲ್ಲಿ ಇಷ್ಟು ತಡ ಯಾಕಾಯಿತು ಎಂದು ನಾನೂ ತಲೆ ಕೆರೆದುಕೊಂಡಿದ್ದೇನೆ.

ಇನ್ನು ವುಖ್ಟ್. ನನ್ನ ಮಗ ಆರು ವರ್ಷದ ಹಿಂದೆ ಹೋಗಿದ್ದ, ಕಾರು ಓಡಿಸಲು ಪೋಷಕರು ಬೇಕು ಎಂದಿದ್ದಕ್ಕೆ ನಾನೂ ಹೋದೆ. ಐಂಡ್‌ಹೋವನ್‌ನಿಂದ ಅರ್ಧ ಗಂಟೆ. 1943ರ ಜನವರಿಯಿಂದ 1944ರ ಸೆಪ್ಟೆಂಬರ್‌ವರೆಗೆ ಅದು ಹಿಟ್ಲರನ ಎಸ್‌ಎಸ್ ಪಡೆ ನಡೆಸಿದ ಕಾನ್ಸಂಟ್ರೇಶನ್ ಕ್ಯಾಂಪ್. ಮೂವತ್ತು ಸಾವಿರಕ್ಕೂ ಜಾಸ್ತಿ ಜನ ಅಲ್ಲಿ ಬಂದಿಗಳಾಗಿದ್ದರು, ಅವರಲ್ಲಿ ಸುಮಾರು 12,000 ಯಹೂದಿಗಳು. ಇನ್ನೊಂದು ವಿಷಯ: ಫಿಲಿಪ್ಸ್ ಕಂಪನಿ ಆ ಕ್ಯಾಂಪಿನೊಳಗೆ ಒಂದು ವರ್ಕ್‌ಶಾಪ್ ನಡೆಸಿತ್ತು. ಅದರಿಂದಾಗಿ ಉಳಿದುಕೊಂಡ 382 ಯಹೂದಿಗಳಿಗಾಗಿ ಆಗ ಕಂಪನಿ ನೋಡಿಕೊಳ್ಳುತ್ತಿದ್ದ ಫ್ರಿಟ್ಸ್ ಫಿಲಿಪ್ಸ್ ಅವರಿಗೆ 1996ರಲ್ಲಿ ಇಸ್ರೇಲ್‌ನ ಗೌರವ ಸಿಕ್ಕಿತು.

ಮಕ್ಕಳಿಗೆ ಅಲ್ಲಿ ಹೆಣದ ಫೋಟೋ ತೋರಿಸಿ ಹೆದರಿಸುವುದಿಲ್ಲ. ತಿಂಗಳ ಮುಂಚೆಯೇ ತರಗತಿಯಲ್ಲಿ ಪಾಠ ಶುರುವಾಗಿರುತ್ತದೆ. ಒಟ್ಟು ಅರವತ್ತು ಲಕ್ಷ ಯಹೂದಿಗಳು ಸತ್ತರು ಎಂಬ ಮಾತನ್ನೇ ನನ್ನ ಮಗನ ಟೀಚರ್ ಎತ್ತಿರಲಿಲ್ಲ. ಒಬ್ಬ ಹುಡುಗನ ಕಥೆ ಹಿಡಿದರು. ಅವನಿಗೆ ಸೈಕಲ್ ಇತ್ತು, ಒಂದು ದಿನ ಸೈಕಲ್ ಕೊಡಬೇಕು ಎಂದರು. ಆಮೇಲೆ ಪಾರ್ಕಿಗೆ ಬರಬಾರದು ಎಂದರು, ಶಾಲೆಗೂ ಬರಬಾರದು ಎಂದರು. ಸೈಕಲ್ ಇಲ್ಲದ ಡಚ್ ಹುಡುಗ ಹೇಗಿರುತ್ತಾನೆ ಅನ್ನೋದು ಹನ್ನೊಂದು ವರ್ಷದವರಿಗೆ ತಕ್ಷಣ ಗೊತ್ತಾಗುತ್ತದೆ.

ಕ್ಯಾಂಪಿನಲ್ಲಿ ಕಂದಕ, ಮುಳ್ಳುತಂತಿ, ಕಾವಲು ಗೋಪುರ ನೋಡುತ್ತಾರೆ. ಹೆಣ ಸುಟ್ಟ ಒಲೆಗಳೂ ಇವೆ, ಅಲ್ಲಿ ಟೀಚರ್ ಮೊದಲೇ ಹೇಳಿ ಒಳಗೆ ಕರೆದುಕೊಂಡು ಹೋದರು, ಬೇಡವೆಂದ ಇಬ್ಬರು ನನ್ನ ಜೊತೆ ಹೊರಗೆ ನಿಂತರು. ನಿಜಕ್ಕೂ ಕಷ್ಟವಾಗುವುದು ಮಕ್ಕಳ ಸ್ಮಾರಕದ ಹತ್ತಿರ. 1943ರ ಜೂನ್ 6 ಮತ್ತು 7ರಂದು ಕ್ಯಾಂಪಿನಲ್ಲಿದ್ದ ಯಹೂದಿ ಮಕ್ಕಳನ್ನು ರೈಲು ಹತ್ತಿಸಿದರು. ಮಕ್ಕಳಿಗಾಗಿಯೇ ಬೇರೆ ಕ್ಯಾಂಪ್ ಇದೆ ಎಂದು ತಾಯಂದಿರಿಗೆ ಸುಳ್ಳು ಹೇಳಿದ್ದರು. ಸುಮಾರು 1,300 ಮಕ್ಕಳು. ವೆಸ್ಟರ್‌ಬೋರ್ಕ್ ಮೂಲಕ ಪೋಲೆಂಡ್‌ನಲ್ಲಿದ್ದ ಸೋಬಿಬೋರ್ ಎಂಬ ಸಾವಿನ ಕ್ಯಾಂಪಿಗೆ ಹೋದರು, ಹೆಚ್ಚುಕಡಿಮೆ ಎಲ್ಲರನ್ನೂ ಕೊಂದರು. ಸ್ಮಾರಕದ ಮೇಲೆ ಹೆಸರು, ವಯಸ್ಸು ಇವೆ. ನಮ್ಮ ಗುಂಪಿನ ಮಕ್ಕಳು ಮೊದಲು ಹುಡುಕಿದ್ದು ತಮ್ಮದೇ ವಯಸ್ಸನ್ನು. ಮಗ "ಅಪ್ಪಾ, ಇಲ್ಲಿ ಹನ್ನೊಂದು ಎಷ್ಟೊಂದಿವೆ" ಎಂದ. ಆ ರಾತ್ರಿ ಅವನು ಬೆಚ್ಚಿಬೀಳಲಿಲ್ಲ. ಆದರೆ ಒಂದು ವಾರ ಪ್ರಶ್ನೆ ಕೇಳುತ್ತಲೇ ಇದ್ದ. ಅಕ್ಕಪಕ್ಕದವರು ಏನು ಮಾಡುತ್ತಿದ್ದರು ಅನ್ನೋದೇ ಜಾಸ್ತಿ. ಅದಕ್ಕೆ ನಿಮ್ಮ ಹತ್ತಿರ ಸಿದ್ಧ ಉತ್ತರ ಇರಬೇಕಿಲ್ಲ. ಆದರೆ "ಅದೆಲ್ಲ ಹಳೇದು, ಮರೆತುಬಿಡು" ಎಂದು ಮಾತ್ರ ಹೇಳಬೇಡಿ.

ನಮ್ಮವರಿಗೆ ಬೇಕಾದ ಎರಡು ಮಾತು, ಯಾರೂ ಬಂದು ಹೇಳುವುದಿಲ್ಲ. ಮೊದಲನೆಯದು ಸ್ವಸ್ತಿಕ, ಇಲ್ಲಿನವರ ಕಣ್ಣಿಗೆ ಅದು ನಾತ್ಸಿಗಳ ಚಿಹ್ನೆ. ಹೊಸ ಕಾರು ತಂದಾಗ ನನ್ನ ಹೆಂಡತಿ ಬಾನೆಟ್ ಮೇಲೆ ಕುಂಕುಮದಲ್ಲಿ ಚೆಂದದ ಸ್ವಸ್ತಿಕ ಬರೆದಳು, ನಿಂಬೆಹಣ್ಣು ಹತ್ತಿಸಿ ಹಾಗೇ ಆಫೀಸಿಗೆ ಹೋದೆ. ಪಾರ್ಕಿಂಗ್‌ನಲ್ಲಿ ಸಹೋದ್ಯೋಗಿಯೊಬ್ಬರ ಮುಖ ಬಿಳಿಚಿಕೊಂಡಿತು. ಅವರ ಅಜ್ಜ ಕ್ಯಾಂಪಿನಲ್ಲಿ ಸತ್ತವರು ಎಂದು ಆಮೇಲೆ ತಿಳಿಯಿತು. ನಮ್ಮ ಸ್ವಸ್ತಿಕ ಸಾವಿರಾರು ವರ್ಷ ಹಳೆಯದು, ನಿಜ, ಅದನ್ನು ವಿವರಿಸಲೂಬಹುದು. ಆದರೆ ಆ ಮುಖದ ಎದುರು ನಿಂತು ಇತಿಹಾಸದ ಪಾಠ ಮಾಡುವ ಧೈರ್ಯ ನನಗಂತೂ ಬರಲಿಲ್ಲ. ಈಗ ಸ್ವಸ್ತಿಕ ದೇವರ ಕೋಣೆಯಲ್ಲಿ, ಬಾಗಿಲ ಹೊರಗೆ ಎಳೆ ರಂಗೋಲಿ, ಕಾರಿಗೆ ಓಂ. ಇದು ಹೆದರಿಕೆ ಎಂದು ಕೆಲವು ಗೆಳೆಯರು ಬೈದಿದ್ದಾರೆ, ಬೈಯಲಿ.

ಎರಡನೆಯದು, ಕಟ್ಟುನಿಟ್ಟಿನ ಬಾಸ್‌ಗೆ, ಹೆಡ್‌ಮಾಸ್ಟರಿಗೆ "ಹಿಟ್ಲರ್" ಅನ್ನುತ್ತೇವಲ್ಲ, ಅದು ಇಲ್ಲಿ ತಮಾಷೆಯಲ್ಲ. ಮಗಳಿಗೂ ಹೇಳಿಡಿ.

ಎಲ್ಲ ಸರಿಯಾಗಿದೆ ಎಂದೇನಲ್ಲ. 2023ರ ಒಂದು ಸಮೀಕ್ಷೆಯಲ್ಲಿ ನಲವತ್ತರೊಳಗಿನ ಡಚ್ಚರಲ್ಲಿ ಶೇ. 23 ಜನ ಹೋಲೋಕಾಸ್ಟ್ ಕಟ್ಟುಕಥೆ ಅಥವಾ ಅದರ ಸಂಖ್ಯೆ ಉತ್ಪ್ರೇಕ್ಷೆ ಎಂದರು. ಗಾಜಾ ಯುದ್ಧ ಶುರುವಾದ ಮೇಲೆ ತರಗತಿಯಲ್ಲಿ ಈ ಪಾಠ ಮಾಡುವುದು ಇನ್ನೂ ಕಷ್ಟವಾಗಿದೆ ಎಂದು ಹೈಸ್ಕೂಲಿನ ಟೀಚರ್ ಗೆಳತಿಯೊಬ್ಬರು ಹೇಳುತ್ತಾರೆ. ಮಕ್ಕಳು ಬೇರೆ ಬೇರೆ ಮನೆಗಳಿಂದ ಬೇರೆ ಬೇರೆ ನೋವು ಹೊತ್ತು ಬಂದಿರುತ್ತಾರೆ. ಅದರಿಂದ ಏಳುವ ವಾದಗಳನ್ನು ಆ ಗೆಳತಿ ತಡೆಯುವುದಿಲ್ಲವಂತೆ, ಪಾಠವನ್ನೂ ಬಿಡುವುದಿಲ್ಲವಂತೆ.

ಚೀಟಿಯಲ್ಲಿ ಪೋಷಕರು ಬರಬಹುದಾ ಎಂಬ ಕಾಲಂ ಇರುತ್ತದೆ, ಹೌದು ಎಂದು ಗುರುತು ಹಾಕಿ. ಹೆಚ್ಚು ಹೊತ್ತು ಹೊರಗೇ ನಿಂತಿರಬೇಕಾಗುತ್ತದೆ, ಗಾಳಿ ಜೋರು. ಮಗಳಿಗೆ ರೈನ್‌ಕೋಟ್, ಎರಡು ಸ್ಯಾಂಡ್‌ವಿಚ್. ಮಕ್ಕಳ ಸ್ಮಾರಕದ ಹತ್ತಿರ ಯಾರೋ ಇಟ್ಟುಹೋದ ಚಿಕ್ಕ ಚಿಕ್ಕ ಆಟದ ಸಾಮಾನುಗಳು ಕಾಣಬಹುದು. ಮಗಳಿಗೂ ಏನಾದರೂ ಇಡಬೇಕು ಅನಿಸಿದರೆ ಮನೆಯಿಂದಲೇ ಒಂದನ್ನು ಜೇಬಿನಲ್ಲಿ ಹಾಕಿಕೊಂಡು ಬರಲಿ. ನನ್ನ ಮಗನ ಜೇಬು ಅವತ್ತು ಖಾಲಿಯಿತ್ತು, ವಾಪಸ್ ಬರುವಾಗ ದಾರಿಯುದ್ದಕ್ಕೂ ಅದನ್ನೇ ಹೇಳುತ್ತಿದ್ದ.